ಹಗಲು ಲೈಟು – ಕಂತು ೯: ಮಸಿ ಹಿಡಿಯದ ಮುಖ

“ಅಲ್ಲೇ ನಿಂತ್ಕೊಳ್ಳಿ. ಒಳಗೆ ಬರೋದು ಬೇಡ.”

ಮೇಷ್ಟ್ರ ಅಳಿಯ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದರು. ಆರು ದಿನದ ಗಡ್ಡ. ಶರ್ಟಿನ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದರು. ಕಾಲರ್ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಹೇಳೋಣ ಅನ್ನಿಸಿತು. ಸಾವಿನ ಮನೆಯಲ್ಲಿ ಗುಂಡಿಯ ವಿಷಯ ಎತ್ತಬಾರದು ಅನ್ನುವಷ್ಟು ಬುದ್ಧಿ ಇನ್ನೂ ಉಳಿದಿತ್ತು.

“ಇವ್ರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಯಾರು?”

“ನಾನೇ,” ಅಂದರು ನನ್ನ ಹಿಂದಿದ್ದ ಇನ್‌ಸ್ಪೆಕ್ಟರ್ ಮೇಡಂ. “ಶೆಡ್ಡಿನ ಸೀಲ್ ತೆಗೆದು ಗಾಡಿ ತೋರಿಸ್ತೀನಿ. ಅರ್ಧ ಗಂಟೆ. ನಾಳೆ ಹತ್ತು ಗಂಟೆಗೆ ಹೇಗೂ ಒಳಗೆ ಹಾಕ್ಬೇಕು. ಅದಕ್ಕೆ ಮುಂಚೆ ಒಂದ್ಸಲ ನೋಡ್ಕೊಳ್ಳಲಿ.”

ಒಳಗೆ ಹಾಕಬೇಕಾದದ್ದು ನನ್ನನ್ನು. ನನ್ನ ಎದುರಿಗೇ, ನಾನು ಯಾವುದೋ ಮಡಚಿಟ್ಟ ಕುರ್ಚಿ ಅನ್ನುವ ಹಾಗೆ ಹೇಳಿದರು. ನನಗೂ ಹಾಗೇ ಕೇಳಿಸಿತು.

ಆರು ದಿನದ ಹಿಂದೆ, ನಾನು ‘ಹೊಂದುತ್ತದೆ’ ಅಂತ ಬರೆದುಕೊಟ್ಟ ಹಗಲು ಲೈಟನ್ನು ಹಾಕಿಸಿಕೊಂಡು ಮನೆಗೆ ಬಂದ ಮೇಷ್ಟ್ರು, ಸಂಜೆ ನಾಲ್ಕೂಕಾಲಿಗೆ ಇದೇ ಮನೆಯ ಶೆಡ್ಡಿನಲ್ಲಿ ಕಾರಿಗೆ ಹೊತ್ತಿಕೊಂಡ ಬೆಂಕಿ ಆರಿಸಲು ಹೋಗಿ, ಹೊಗೆ ಕುಡಿದು ಸತ್ತಿದ್ದರು.

ಅವತ್ತಿನಿಂದ ನನಗೆ ಏನೂ ಆಗುತ್ತಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ. ಬರೀ ತುಟಿಯಲ್ಲ, ಪೂರ್ತಿ ನಾನೇ. ಗಡಿಯಾರ ನೋಡಿ ಊಟ ಮಾಡುತ್ತೇನೆ, ಗಡಿಯಾರ ನೋಡಿ ಮಲಗುತ್ತೇನೆ. ಅಳು ಬರುತ್ತದೇನೋ ಅಂತ ಒಂದು ಸಲ ಕನ್ನಡಿ ಮುಂದೆ ನಿಂತು ಕಾದೆ. ಬರಲಿಲ್ಲ. ಹಲ್ಲುಜ್ಜಿ ಬಂದೆ.

“ಇದು ನಿಮ್ಮ ಕೈಬರಹ ತಾನೇ?” ಅಳಿಯ ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಶೀಟಿನ ನಕಲು. ಎಷ್ಟು ಸಲ ಮಡಚಿ ಬಿಚ್ಚಿದ್ದರೋ, ಮಡಿಕೆಯ ಗೆರೆಯಲ್ಲಿ ಹರಿಯಲು ಶುರುವಾಗಿತ್ತು.

“ಹೌದು.”

“ಓದಿ.”

“ಸರ್...”

“ಓದಿ ಅಂದೆ.”

“ಬ್ಯಾಟರಿ ಹನ್ನೆರಡು ವೋಲ್ಟು,” ಓದಿದೆ. “ಪ್ಲಸ್ ಬಾಡಿಗೆ. ಚಾರ್ಜು ಸರಿಯಿದೆ. ಮಾಡ್ಯೂಲ್ ಹೊಂದುತ್ತದೆ.”

“ಹೊಂದುತ್ತದೆ!” ಅವರು ನಕ್ಕರು. ಆ ನಗುವಿಗೆ ಶಬ್ದವಿರಲಿಲ್ಲ. “ಎಷ್ಟು ಚೆನ್ನಾಗಿ ಹೊಂದ್ತು ನೋಡಿ.”

ನನ್ನ ಕೆಲಸ ಕೇಳಿದರೆ ಜನ ಇದೂ ಒಂದು ಕೆಲಸವಾ ಅನ್ನುತ್ತಾರೆ. ಈಗಿನ ಗಾಡಿಗಳಲ್ಲಿ ಎಂಜಿನ್ ಶುರುವಾದ ಕೂಡಲೇ ಮುಂದೆ ಎರಡು ಬಿಳಿ ಲೈಟು ಹಗಲಲ್ಲೇ ತಾವಾಗಿ ಹತ್ತುತ್ತವೆ, ಎದುರಿನಿಂದ ಬರುವವರಿಗೆ ಗಾಡಿ ಕಾಣಲಿ ಅಂತ. ಹಳೆಯ ಗಾಡಿಯವರಿಗೂ ಅದು ಬೇಕು. ಅಂಥವರಿಗೆಂದೇ, ಆ ಲೈಟನ್ನು ತಾನಾಗಿ ಹತ್ತಿಸುವ ಅಂಗೈ ಅಗಲದ ಒಂದು ಮಾಡ್ಯೂಲ್ ಸಿಗುತ್ತದೆ. ಆದರೆ ಎಲ್ಲ ಮಾಡ್ಯೂಲೂ ಎಲ್ಲ ಗಾಡಿಗೂ ಆಗುವುದಿಲ್ಲ. ಯಾವ ಗಾಡಿಗೆ ಯಾವುದು ಅಂತ ನೋಡಿ ಶೀಟು ಬರೆಯುವವಳು ನಾನು. ಗಾಡಿಗೂ ಲೈಟಿಗೂ ಮದುವೆ ಕುದುರಿಸುವವಳು ಅಂತ ವರ್ಕ್‌ಶಾಪಿನಲ್ಲಿ ಎಲ್ಲರೂ ನನ್ನನ್ನು ‘ದಲ್ಲಾಳಿ’ ಅಂತಲೇ ಕರೆಯುವುದು. ನಾನು ಶೀಟು ಬರೆಯುತ್ತೇನೆ, ಅಣ್ಣ ಅದನ್ನು ನೋಡಿ ಲೈಟು ಕೂರಿಸುತ್ತಾನೆ. ಹನ್ನೊಂದು ವರ್ಷದಿಂದ ಹೀಗೇ.

ಶೀಟಿನಲ್ಲಿ ಎಲ್ಲಕ್ಕಿಂತ ಮುಖ್ಯ ಎರಡನೇ ಸಾಲು. ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಗಾಡಿಯ ತಗಡಿಗೆ, ಅಂದರೆ ಬಾಡಿಗೆ, ಕಟ್ಟಿರುತ್ತಾರೆ. ತುಂಬಾ ಹಳೆಯ ಕೆಲವು ಗಾಡಿಗಳಲ್ಲಿ ಉಲ್ಟಾ, ಪ್ಲಸ್ಸೇ ಬಾಡಿಗೆ. ಮೇಷ್ಟ್ರ ಅರವತ್ತು ದಾಟಿದ ಗುಂಡುಮೂಗಿನ ಕಾರು ಅಂಥದ್ದು ಅಂತ ನಾನು ಬರೆದಿದ್ದೆ. ಅದಕ್ಕೆ ತಕ್ಕ ಮಾಡ್ಯೂಲನ್ನೇ ಕೊಟ್ಟಿದ್ದೆ.

ಬೆಂಕಿಯ ಮರುದಿನ ಪರಿಶೀಲಕರು ಬಂದು ಸೀಟು ಎತ್ತಿ ನೋಡಿದರೆ, ಬಾಡಿಗೆ ಕಟ್ಟಿದ್ದು ಮೈನಸ್. ಎರಡು ಫೋಟೋ ತೆಗೆದುಕೊಂಡು ಹೋದರು. ‘ಬ್ಯಾಟರಿ ನೋಡದೆ ಅಂದಾಜಿನಲ್ಲಿ ಶೀಟು ಬರೆದಿದ್ದಾರೆ, ಹೊಂದದ ಮಾಡ್ಯೂಲಿನಿಂದ ಬೆಂಕಿ’ ಅಂತ ವರದಿ ಬಂತು.

ಇದರಲ್ಲಿ ನನ್ನನ್ನು ತಿನ್ನುತ್ತಿದ್ದದ್ದು ಒಂದೇ. ಅವತ್ತು ಸೀಟು ಎತ್ತಿ ಮೀಟರ್ ಇಟ್ಟು ನೋಡಿದೆನಾ? ನೆನಪಿಲ್ಲ. ಹನ್ನೊಂದು ವರ್ಷದಿಂದ ದಿನಾ ಶೀಟು ಬರೆಯುವ ಕೈ. ಮೇಷ್ಟ್ರು ನಕ್ಕಿದ್ದು ನೆನಪಿದೆ, ಅವರ ಕನ್ನಡಕಕ್ಕೆ ದಾರ ಕಟ್ಟಿದ್ದು ನೆನಪಿದೆ, ಬ್ಯಾಟರಿ ನೆನಪಿಲ್ಲ. ಆ ಜಾಗದಲ್ಲಿ ಖಾಲಿ ಗೋಡೆ.

ಬೆಳಿಗ್ಗೆ ಅಣ್ಣ ಫ್ಲಾಸ್ಕಿನಲ್ಲಿ ಟೀ ತಂದುಕೊಟ್ಟು, ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು, ಇದನ್ನೇ ಹೇಳಿದ್ದ.

“ನೆನಪಿಲ್ಲ ಅಂತಾನೇ ಬರ್ಕೊಟ್ಬಿಡು ಪುಟ್ಟಿ. ಮರೆವು ಯಾರಿಗಿಲ್ಲ? ತಪ್ಪು ಒಪ್ಕೊಂಡ್ರೆ ಶಿಕ್ಷೆ ಕಮ್ಮಿಯಂತೆ. ವಕೀಲರನ್ನ ಕೇಳಿದೀನಿ. ನಾನೇ ಬರ್ದು ತಂದಿದೀನಿ, ಸೈನ್ ಒಂದು ಹಾಕಿದ್ರಾಯ್ತು.”

“ನೀನು ಆ ಮನೆಗೆ ಹೋಗಿ ಬಂದ್ಯಾ ಅಣ್ಣಾ? ಅವ್ರನ್ನ ಮಾತಾಡ್ಸಿದ್ಯಾ?”

“ಆ ಬೀದಿ ಕಡೆ ಇವತ್ತಿನವರೆಗೂ ಕಾಲಿಟ್ಟಿಲ್ಲ. ಧೈರ್ಯ ಬರ್ತಿಲ್ಲ ಕಣೇ.”

ಅಮ್ಮ ಹೋದಾಗ ನನಗೆ ಏಳು, ಅವನಿಗೆ ಹದಿನೈದು. ಸ್ಕೂಲು ಬಿಟ್ಟು ವರ್ಕ್‌ಶಾಪಿಗೆ ಸೇರಿ ನನ್ನನ್ನು ಓದಿಸಿದ. ಮೀಟರಿನ ಮುಳ್ಳು ನೋಡುವುದನ್ನು ಕಲಿಸಿದ್ದೂ ಅವನೇ. ಅವನು ಬರೆದ ಕಾಗದ ಈಗ ನನ್ನ ಬ್ಯಾಗಿನಲ್ಲಿತ್ತು. ಸೈನ್ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಕೂಡ ಮಾಡಿಕೊಟ್ಟಿದ್ದ. ಅಷ್ಟು ಅಚ್ಚುಕಟ್ಟು ಅವನು.

“ಸರ್,” ಅಂದೆ ಅಳಿಯನಿಗೆ. “ಒಂದೇ ಪ್ರಶ್ನೆ. ಕಾರು ಮನೆಗೆ ಬಂದ ಮೇಲೆ ಆ ಲೈಟು ಹತ್ತಿದ್ದನ್ನ ಯಾರಾದ್ರೂ ನೋಡಿದ್ರಾ?”

“ಯಾಕೆ? ಹತ್ತಿದ್ರೆ ನಿಮಗೇನು, ಬಿಟ್ರೆ ನಿಮಗೇನು? ಮನುಷ್ಯ ಹೋದ್ರು.”

“ಹತ್ತಿದ್ರೆ ನನ್ನ ಶೀಟು ಸರಿ.”

“ಓ!” ಅವರ ಕುತ್ತಿಗೆಯ ನರ ಉಬ್ಬಿತು. “ಅಂದ್ರೆ ನೀವು ಬಂದಿರೋದು ಕ್ಷಮೆ ಕೇಳೋಕಲ್ಲ. ಮಾರ್ಕ್ಸ್ ಕೇಳೋಕೆ. ನಮ್ಮ ಮಾವ ಮೂವತ್ತು ವರ್ಷ ಲೆಕ್ಕ ಹೇಳ್ಕೊಟ್ಟೋರು. ತಪ್ಪು ಉತ್ತರ ಬರ್ದು ಇನ್ನೊಂದು ಮಾರ್ಕ್ಸಿಗೆ ಜಗಳ ಆಡೋ ಮಕ್ಕಳನ್ನ ಎಷ್ಟು ನೋಡಿದ್ರೋ. ನೀವು ಹಾಗೇ.”

“ಹಾಗೇ ಅನ್ಕೊಳ್ಳಿ. ಯಾರಾದ್ರೂ ನೋಡಿದ್ರಾ?”

“ನಿಮಗೆ ಏನೂ ಅನ್ಸಲ್ವಾ ರೀ?”

“ಇಲ್ಲ ಸರ್,” ಅಂದೆ. “ಆರು ದಿನದಿಂದ ಏನೂ ಅನ್ಸ್ತಿಲ್ಲ. ಅನ್ಸೋಕೆ ಶುರುವಾದ್ರೆ ಏನಾಗುತ್ತೋ ನಂಗೆ ಗೊತ್ತಿಲ್ಲ. ಅದಕ್ಕೆ ಮುಂಚೆ ಇದೊಂದು ತಿಳ್ಕೋಬೇಕು. ಅವ್ರನ್ನ ಕೊಂದಿದ್ದು ನಾನಾ, ಅಲ್ವಾ.”

ಅವರು ಕಾಗದವನ್ನು ಮಡಚಿ ಜೇಬಿಗೆ ತುರುಕಿದರು. ಅಷ್ಟರಲ್ಲಿ ಅವರ ಹಿಂದಿನ ಕತ್ತಲೆ ಕೋಣೆಯಿಂದ ಒಂದು ಕೈ ಬಂತು. ಕೈಯಲ್ಲಿ ಫೋನು.

ಮೇಷ್ಟ್ರ ಮಗಳು. ಬೆಂಕಿಯ ದಿನದಿಂದ ಆಕೆ ಯಾರ ಹತ್ತಿರವೂ ಒಂದು ಮಾತಾಡಿಲ್ಲ ಅಂತ ಇನ್‌ಸ್ಪೆಕ್ಟರ್ ಹೇಳಿದ್ದರು. ಈಗಲೂ ಆಡಲಿಲ್ಲ. ಗಂಡನ ತೋಳಿನ ಕೆಳಗಿಂದ ಫೋನನ್ನು ನನ್ನ ಕೈಗೆ ಇಟ್ಟು, ಗೋಡೆಗೆ ಒರಗಿ ನಿಂತಳು.

ತೆರೆಯ ಮೇಲೆ ಒಂದು ವೀಡಿಯೋ ನಿಂತಿತ್ತು. ಬೆಂಕಿಯ ದಿನದ್ದೇ, ಮಧ್ಯಾಹ್ನ ಮೂರು ಐವತ್ತೆರಡು.

ಒತ್ತಿದೆ.

ಶೆಡ್ಡಿನ ಬಾಗಿಲು ಪೂರ್ತಿ ತೆರೆದಿದೆ. ಕಾರಿನ ಗುಂಡುಮೂಗು ಹೊರಗೆ ಇಣುಕುತ್ತಿದೆ. ಎಂಜಿನ್ ಗೊರಗೊರ ಅನ್ನುತ್ತಿದೆ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಾರೆ: “ಹತ್ತಿದ್ವಾ? ಎರಡೂ ಹತ್ತಿದ್ವಾ?”

“ಹತ್ತಿದ್ವು ಅಪ್ಪಾ! ಕಣ್ಣಿಗೇ ಹೊಡೀತಿದೆ!” ಅದು ಮಗಳ ದನಿ, ಫೋನಿನ ಹಿಂದಿನಿಂದ.

ಹತ್ತಿದ್ದವು. ಬಂಪರಿನ ಎಡಕ್ಕೊಂದು, ಬಲಕ್ಕೊಂದು. ಬಿಸಿಲಲ್ಲೂ ಬೆಳ್ಳಗೆ.

“ದಲ್ಲಾಳಿಗೆ ಕಳಿಸಮ್ಮ ಇದನ್ನ,” ಮೇಷ್ಟ್ರು ನಗುತ್ತಾರೆ. ಕನ್ನಡಕದ ದಾರ ಅಲ್ಲಾಡುತ್ತದೆ. “ಅರವತ್ತು ದಾಟಿದ ಗಂಡಿಗೂ ಹೆಣ್ಣು ಹುಡುಕಿ ಕೊಟ್ಲಲ್ಲ, ಭಲೇ ಹುಡುಗಿ! ಎರಡೂ ಒಪ್ಪಿಕೊಂಡ್ವು ಅಂತ ಹೇಳು!”

ವೀಡಿಯೋ ಮುಗಿಯಿತು.

ಇನ್ನೊಂದು ಸಲ ಹಾಕಿದೆ. ಈ ಸಲ ಮೇಷ್ಟ್ರನ್ನು ನೋಡಲಿಲ್ಲ. ಲೈಟನ್ನು ಮಾತ್ರ ನೋಡಿದೆ.

“ಮೇಡಂ,” ಅಂದೆ. “ನಿಮ್ಮ ಟಾರ್ಚ್ ಕೊಡಿ.”

ಇನ್‌ಸ್ಪೆಕ್ಟರ್ ಬೆಲ್ಟಿನಿಂದ ಟಾರ್ಚು ತೆಗೆದುಕೊಟ್ಟರು. ಒತ್ತಿದೆ, ಹತ್ತಿತು. ಮುಚ್ಚಳ ತಿರುಗಿಸಿ ಶೆಲ್ಲುಗಳನ್ನು ಉಲ್ಟಾ ಹಾಕಿ ಮತ್ತೆ ಒತ್ತಿದೆ. ಹತ್ತಲಿಲ್ಲ. ಇನ್ನೂ ಎರಡು ಸಲ ಒತ್ತಿ, ಅಳಿಯನ ಕಡೆ ಹಿಡಿದೆ.

“ಹಗಲು ಲೈಟೂ ಇಷ್ಟೇ ಸರ್. ಉಲ್ಟಾ ಕೊಟ್ರೆ ಉರಿಯಲ್ಲ. ಮೂರು ಐವತ್ತೆರಡಕ್ಕೆ ಹತ್ತಿದೆ ಅಂದ್ರೆ, ಆಗ ಬ್ಯಾಟರಿ ನನ್ನ ಶೀಟಲ್ಲಿದ್ದ ಹಾಗೇ ಇತ್ತು. ಪ್ಲಸ್ ಬಾಡಿಗೆ. ನಾನು ಕೊಟ್ಟ ಮಾಡ್ಯೂಲು ಆ ಕಾರಿಗೆ ಹೊಂದಿತ್ತು.”

ಖಾಲಿ ಗೋಡೆಗೆ ಒಂದು ಕಿಟಕಿ ಬಂದ ಹಾಗಾಯಿತು. ನಾನು ಸೀಟು ಎತ್ತಿದ್ದೆ. ಎತ್ತಿಯೇ ಇರಬೇಕು. ಸಂತೋಷ ಆಗಬೇಕಿತ್ತು. ಅದು ಎಲ್ಲೋ ದೂರದಲ್ಲಿ, ಪಕ್ಕದ ಮನೆಯವರಿಗೆ ಆದ ಹಾಗೆ ಆಯಿತು.

ಇನ್‌ಸ್ಪೆಕ್ಟರ್ ಟಾರ್ಚು ವಾಪಸ್ ಪಡೆದು ಶೆಲ್ಲುಗಳನ್ನು ಸರಿಯಾಗಿ ಹಾಕಿಕೊಂಡರು. “ಚೆನ್ನಾಗಿದೆ,” ಅಂದರು. “ಆದ್ರೆ ಸಾಲದು. ಬೆಂಕಿ ಹತ್ತಿದ್ದು ನಾಲ್ಕೂಕಾಲಿಗೆ. ನಡುವೆ ಇಪ್ಪತ್ಮೂರು ನಿಮಿಷ ಇದೆ. ಅಷ್ಟರಲ್ಲಿ ಮೇಷ್ಟ್ರೇ ಬ್ಯಾಟರಿ ಬಿಚ್ಚಿ ತಿರುಗಿಸಿ ಹಾಕಿರಬಹುದು ಅಂತಾರೆ.”

“ಮಾವನಾ?” ಅಳಿಯನಿಗೆ ಸಿಟ್ಟು ಬಂತು. ಈ ಸಲ ನನ್ನ ಮೇಲಲ್ಲ. “ಏನ್ ಮೇಡಂ ನೀವು! ನಾನು ಈ ಮನೆಗೆ ಬಂದ ಮೊದಲ ವಾರಾನೇ ಪಾಠ ಆಗಿತ್ತು ನಂಗೆ. ‘ಅಳಿಯಂದ್ರೇ, ನೆನಪಿಡಿ, ನಮ್ಮ ಕಾರಿಗೆ ಪ್ಲಸ್ ಬಾಡಿಗೆ, ಲೋಕಕ್ಕೆಲ್ಲ ಒಂದು ದಾರಿ ಆದ್ರೆ ಇದಕ್ಕೇ ಒಂದು.’ ನೂರು ಸಲ ಹೇಳಿದಾರೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಶೀಟು ತಪ್ಪು ಅಂದ್ರೇ ಹೊರತು, ಯಾವ ಸಾಲು ತಪ್ಪು ಅಂತ ನಂಗೆ ಯಾರೂ ಹೇಳ್ಲಿಲ್ಲ. ಈ ಮನೆಯೋರು ಯಾರೂ ತಿರುಗಿಸಿ ಹಾಕಲ್ಲ.”

“ಹಾಗಾದ್ರೆ ಹೊರಗಿನೋರು,” ಅಂದೆ. “ಬೆಂಕಿ ಆರಿದ ಮೇಲೆ ಶೆಡ್ಡಿಗೆ ಯಾರಾದ್ರೂ ಬಂದಿದ್ರಾ? ಸೀಲ್ ಹಾಕೋ ಮುಂಚೆ?”

ಅಳಿಯ ನನ್ನ ಕಡೆ ತಿರುಗಿದರು. ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದರು.

“ನಿಮ್ಮ ವರ್ಕ್‌ಶಾಪಿನೋರೇ ಒಬ್ರು ಬಂದಿದ್ರು.”

“ಯಾರು?”

“ಗೊತ್ತಿಲ್ಲ. ಆರೂವರೆ ಆಗಿತ್ತು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದೆ, ನಂಗೆ ನನ್ನ ಮೈಮೇಲೇ ಪ್ರಜ್ಞೆ ಇರ್ಲಿಲ್ಲ. ನಿಮ್ಮ ನೀಲಿ ಕೋಟು ಹಾಕಿದ್ರು. ಹೆಲ್ಮೆಟ್ ತೆಗೀಲಿಲ್ಲ. ‘ಬ್ಯಾಟರಿ ಬಿಚ್ಚಿಡ್ತೀನಿ, ಮತ್ತೆ ಹೊತ್ಕೊಂಡ್ರೆ ಕಷ್ಟ’ ಅಂದ್ರು. ಒಳ್ಳೇದು ಮಾಡ್ರಪ್ಪ ಅಂದೆ. ಹತ್ತು ನಿಮಿಷ ಒಳಗಿದ್ರು. ಹೋಗುವಾಗ ನನ್ನ ಹೆಗಲು ಮುಟ್ಟಿದ್ರು.”

ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆರೆದರು. “ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ಸಹಾಯ ಮಾಡೋಕೆ ಬಂದೋರ ಹೆಸರಿಗೆ ಯಾರಾದ್ರೂ ದೂರು ಕೊಡ್ತಾರಾ ಮೇಡಂ?”

ನೀಲಿ ಕೋಟು ನಮ್ಮಲ್ಲಿ ಮೂವರಿಗೆ ಮಾತ್ರ. ನನಗೆ, ಅಣ್ಣನಿಗೆ, ವರ್ಕ್‌ಶಾಪಿನ ಒಡೆಯರಾದ ಸಾಹುಕಾರರಿಗೆ. ನಾನು ಅವತ್ತು ಆರೂವರೆಗೆ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲಿದ್ದೆ. ಅಣ್ಣ ಈ ಬೀದಿಗೇ ಕಾಲಿಟ್ಟಿಲ್ಲ.

ಉಳಿದವರು ಒಬ್ಬರೇ.

ಸಾಹುಕಾರರಿಗೆ ಕಾರಣವೂ ಇತ್ತು. ಬೆಂಕಿ ಮಾಡ್ಯೂಲಿನಿಂದಲೇ ಬಂದದ್ದು ಅಂತಾದರೆ ಅಂಗಡಿಯ ಮಾನ ಮೂರು ಕಾಸಿಗೆ ಹೋಗುತ್ತದೆ. ನನ್ನ ಶೀಟಿನಿಂದ ಬಂದದ್ದು ಅಂತಾದರೆ ನಾನೊಬ್ಬಳು ಹೋಗುತ್ತೇನೆ. ‘ನೀನು ನಮ್ಮನೆ ಮಗಳಿದ್ದಂಗೆ’ ಅಂತ ಮಾತಿಗೊಮ್ಮೆ ಅನ್ನುವ ಮನುಷ್ಯ. ಅದನ್ನು ನೆನೆದರೆ ಹೊಟ್ಟೆ ಉರಿಯಬೇಕಿತ್ತು. ಅದೂ ಉರಿಯಲಿಲ್ಲ.

“ಬ್ಯಾಟರಿ ತಿರುಗಿಸಿದ್ದು ಬೆಂಕಿಯಾದ ಮೇಲೆ ಅಂತ ತೋರ್ಸಿದ್ರೆ ನಂಬ್ತೀರಾ ಮೇಡಂ?”

“ಗಾಡಿನೇ ಹೇಳಿದ್ರೆ ನಂಬ್ತೀನಿ,” ಅಂದರು ಅವರು. “ಬನ್ನಿ.”

ಶೆಡ್ಡು ಮನೆಯ ಪಕ್ಕಕ್ಕೇ ಅಂಟಿಕೊಂಡಿತ್ತು. ಸೀಲಿನ ಪಟ್ಟಿ ಹರಿದು ಬಾಗಿಲು ಎಳೆದಾಗ ಒಳಗಿನ ವಾಸನೆ ಹೊರಗೆ ಬಂತು. ಸುಟ್ಟ ರಬ್ಬರು, ಒದ್ದೆ ಬೂದಿ. ಬಾಗಿಲ ಪಕ್ಕ ಗೋಡೆಯ ಮೇಲೆ ಯಾವತ್ತೋ ಸೀಮೆಸುಣ್ಣದಲ್ಲಿ ಬರೆದ ಗುಣಾಕಾರ ಇನ್ನೂ ಅರ್ಧ ಉಳಿದಿತ್ತು. ಉತ್ತರ ಇದ್ದ ಕಡೆ ಮಸಿ.

“ಮುಟ್ಟೋದಾದ್ರೆ ಇದನ್ನ ಹಾಕ್ಕೊಳ್ಳಿ,” ಇನ್‌ಸ್ಪೆಕ್ಟರ್ ತೆಳ್ಳನೆಯ ಕೈಗವಸು ಕೊಟ್ಟರು. ಅಷ್ಟರಲ್ಲಿ ಅವರ ಫೋನು ಬಂತು. ಮಾತಾಡುತ್ತಾ ಗೇಟಿನ ಕಡೆ ನಡೆದರು. ಅಳಿಯ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಒಳಗೆ ನೋಡಲಾಗದೆ ಹೊರಟುಹೋದರು. ಹೋಗುತ್ತಾ ಶರ್ಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಳ್ಳುವುದು ಕಾಣಿಸಿತು.

ಕಾರಿನ ಮುಂಭಾಗ ಪೂರ್ತಿ ಸುಟ್ಟಿತ್ತು. ಸ್ಟೇರಿಂಗ್ ಚಕ್ರ ಕರಗಿ ಜೋತುಬಿದ್ದಿತ್ತು. ಹಿಂಭಾಗ ಸುಟ್ಟಿರಲಿಲ್ಲ, ಹೊಗೆ ಮಾತ್ರ ಬಡಿದಿತ್ತು. ಈ ಕಾರಿನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ.

ಸೀಟು ಎತ್ತಿದೆ. ಒಳಗಿನ ತಂತಿಗಳು ಟಕ್ ಅಂದವು.

ಆ ಸದ್ದು! ಆ ಸದ್ದು ನನಗೆ ಗೊತ್ತಿತ್ತು. ಅವತ್ತೂ ಇದೇ ಟಕ್ ಕೇಳಿಸಿತ್ತು, ಮೇಷ್ಟ್ರು “ಮೆಲ್ಲಗೆ ಮಗೂ, ವಯಸ್ಸಾದ ಸೊಂಟ ಅದು” ಅಂದಿದ್ದರು. ನಾನು ನಕ್ಕಿದ್ದೆ. ಮೀಟರ್ ಇಟ್ಟಿದ್ದೆ. ಎಲ್ಲ ನೋಡಿದ್ದೆ.

ಸೀಟಿನ ಅಂಚನ್ನು ಹಾಗೇ ಹಿಡಿದುಕೊಂಡು ನಿಂತೆ.

ಆಮೇಲೆ ಬ್ಯಾಟರಿಯನ್ನು ನೋಡಿದೆ.

ಹೊಗೆ ಬಂದದ್ದು ಮುಂದಿನಿಂದ. ಹಾಗಾದರೆ ಬ್ಯಾಟರಿಯ ಮುಂದಿನ ಮುಖಕ್ಕೆ ಮಸಿ ಹಿಡಿದಿರಬೇಕು, ಹಿಂದಿನ ತಗಡಿಗೆ ಒತ್ತಿಕೊಂಡ ಮುಖ ಸ್ವಚ್ಛ ಇರಬೇಕು. ಬ್ಯಾಟರಿಯ ಸುತ್ತಲ ತಗಡು, ಪಟ್ಟಿ, ಸ್ಪ್ರಿಂಗು, ಎಲ್ಲಕ್ಕೂ ಮಸಿ. ಆದರೆ ಬ್ಯಾಟರಿಯ ಮುಂದಿನ ಮುಖ ಅಂಗಡಿಯಿಂದ ಆಗಷ್ಟೇ ತಂದ ಹಾಗೆ ತಿಳಿ ಬೂದುಬಣ್ಣಕ್ಕಿತ್ತು.

ಬೆರಳನ್ನು ಹಿಂದಿನ ಸಂದಿಗೆ ತೂರಿಸಿ ಎಳೆದೆ. ಕೈಗವಸಿನ ತುದಿ ಕಪ್ಪಾಗಿ ಬಂತು.

ಮಸಿ ಹಿಂದೆ. ಸ್ವಚ್ಛ ಮುಖ ಮುಂದೆ.

ಬೆಂಕಿ ಆರಿ, ಮಸಿ ಕೂತ ಮೇಲೆ, ಯಾರೋ ಬ್ಯಾಟರಿ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಿದ್ದರು. ತಂತಿಗಳು ಗಿಡ್ಡ, ತುದಿ ಬದಲಾಯಿಸಬೇಕಾದರೆ ಇಡೀ ಬ್ಯಾಟರಿಯನ್ನೇ ತಿರುಗಿಸಬೇಕು. ಆಮೇಲೆ ನೋಡಿದವರಿಗೆ ಮೈನಸ್ ಬಾಡಿಗೆ. ನನ್ನ ಶೀಟು ತಪ್ಪು.

ಗಾಡಿ ಹೇಳಿತ್ತು. ಇನ್‌ಸ್ಪೆಕ್ಟರರನ್ನು ಕೂಗಲು ಬಾಯಿ ತೆರೆದೆ.

ಕೂಗಲಿಲ್ಲ. ಇನ್ನೊಂದು ಬಾಕಿಯಿತ್ತು. ಯಾರು ಅನ್ನುವುದು.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ರೂಢಿ ಇದೆ. ಯಾರು ನಟ್ಟು ಬಿಗಿದರೂ, ಬಿಗಿದ ಮೇಲೆ ಅದರ ಮೇಲೆ ಪೇಂಟ್ ಪೆನ್ನಿನಿಂದ ಒಂದು ಚುಕ್ಕೆ ಇಡಬೇಕು. ‘ಇದನ್ನು ನಾನು ಬಿಗಿದಿದ್ದೇನೆ, ಕೇಳುವುದಿದ್ದರೆ ನನ್ನನ್ನು ಕೇಳಿ’ ಅಂತ. ಸಾಹುಕಾರರದ್ದು ಹಳದಿ, ಅಣ್ಣನದ್ದು ಹಸಿರು, ನನ್ನದು ಬಿಳಿ. ಪೆನ್ನು ಸದಾ ಕೋಟಿನ ಎದೆಜೇಬಿನಲ್ಲೇ. ವರ್ಷಗಟ್ಟಲೆ ಮಾಡಿ ಮಾಡಿ, ಈಗ ಕೈ ನಮ್ಮನ್ನು ಕೇಳುವುದೇ ಇಲ್ಲ. ಮನೆಯಲ್ಲಿ ಪ್ರೆಷರ್ ಕುಕ್ಕರಿನ ಹಿಡಿ ಬಿಗಿದು ಅದಕ್ಕೂ ಚುಕ್ಕೆ ಇಟ್ಟವಳು ನಾನು. ಅಣ್ಣ ಒಂದು ವಾರ ರೇಗಿಸಿದ್ದ.

ಕಳ್ಳತನದಲ್ಲಿ ಬಂದವನು ಹೆಲ್ಮೆಟ್ ತೆಗೆಯದಿರುವಷ್ಟು ಜಾಣ ಇರಬಹುದು. ಆದರೆ ನಟ್ಟು ಬಿಗಿದ ಮೇಲೆ ಕೈ ತಾನಾಗಿ ಜೇಬಿಗೆ ಹೋಗುವುದನ್ನು ತಡೆಯುವಷ್ಟು?

ಬಾಡಿಯ ಪಟ್ಟಿ ಹಿಡಿದಿದ್ದ ನಟ್ಟಿನ ಮೇಲೆ ಬಗ್ಗಿದೆ. ಬೆಳಕು ಸಾಲದು. ಫೋನು ತೆಗೆದು ಟಾರ್ಚು ಹಾಕಿ, ಪಕ್ಕದ ತಗಡಿಗೆ ಒರಗಿಸಿಟ್ಟೆ.

ಚುಕ್ಕೆ ಇತ್ತು. ಮಸಿಯ ಮೇಲೆ, ಮಸಿಗಿಂತ ಹೊಸದಾಗಿ, ಮಿಣಮಿಣ ಅಂತ.

ಹಳದಿಯಲ್ಲ.

ಕಣ್ಣು ಉಜ್ಜಿಕೊಂಡೆ. ಫೋನಿನ ಬೆಳಕಿಗೆ ಬಣ್ಣ ಬೇರೆ ಕಾಣಿಸುತ್ತದೆ ಅಂದುಕೊಂಡೆ. ಬೆಳಕು ಆಚೆ ತಿರುಗಿಸಿ, ಬಾಗಿಲಿಂದ ಬರುವ ಬಿಸಿಲಲ್ಲೇ ನೋಡಿದೆ.

ಹಸಿರು.

ಕುಕ್ಕರಿನ ಮೇಲಿನ ನನ್ನ ಬಿಳಿ ಚುಕ್ಕೆಯ ಪಕ್ಕ ಅವನು ತಮಾಷೆಗೆ ಇಟ್ಟಿದ್ದನಲ್ಲ, ಅದೇ ಹಸಿರು.

ಪೆನ್ನು ಬೇರೆ ಯಾರೋ ಕದ್ದಿರಬಹುದು ಅಂದುಕೊಂಡೆ. ಅಂದುಕೊಳ್ಳುತ್ತಲೇ ಕೈ ತನ್ನ ಕೆಲಸ ಮಾಡುತ್ತಿತ್ತು. ಮಾಡ್ಯೂಲಿನ ತಂತಿ ಬ್ಯಾಟರಿಯಿಂದ ಹೊರಟು ಎಲ್ಲಿ ಹೋಗುತ್ತದೆ ಅಂತ ಬೆರಳು ಹುಡುಕುತ್ತ ಹೋಯಿತು. ಗೇಣುದ್ದದೊಳಗೆ ಒಂದು ಫ್ಯೂಸ್ ಇರಬೇಕು. ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಮೊದಲು ಆ ಫ್ಯೂಸ್ ಹೋಗಿ ಕರೆಂಟು ನಿಲ್ಲಲಿ, ಬೆಂಕಿಯಾಗದಿರಲಿ ಅಂತ. ಪ್ರತಿ ಮಾಡ್ಯೂಲಿನ ಜೊತೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ.

ಒಂದು ಗೇಣು. ಎರಡು ಗೇಣು. ಬಾಗಿಲ ಕಂಬದ ಹತ್ತಿರ ತಂತಿಯ ಸಿಪ್ಪೆ ಉಜ್ಜಿಹೋಗಿ, ಅಲ್ಲಿಂದ ಮುಂದಕ್ಕೆ ಎಲ್ಲ ಕರಿಕಲು.

ಫ್ಯೂಸ್ ಇರಲಿಲ್ಲ. ಕತ್ತರಿಸಿದ ಗುರುತೂ ಇರಲಿಲ್ಲ. ಹಾಕಿಯೇ ಇರಲಿಲ್ಲ.

ಮಾಡ್ಯೂಲಿನದ್ದಲ್ಲ, ಶೀಟಿನದ್ದಲ್ಲ, ಕೂರಿಸಿದ ಕೈಯ ತಪ್ಪು. ಅವತ್ತು ಬೆಳಿಗ್ಗೆ ಸಾಲಾಗಿ ಏಳು ಗಾಡಿ ನಿಂತಿದ್ದವು. ಗಡಿಬಿಡಿಯಲ್ಲಿ ಒಂದು ಸಣ್ಣ ಕವರು ಮೇಜಿನ ಮೇಲೆ ಉಳಿದಿರಬೇಕು. ಇಷ್ಟೇ. ಮರೆವು ಯಾರಿಗಿಲ್ಲ, ಅಂದಿದ್ದನಲ್ಲ.

ಮರೆತದ್ದು ಅವನು. ಬರೆದುಕೊಡಬೇಕಾದವಳು ನಾನು.

ಬ್ಯಾಗಿನಲ್ಲಿದ್ದ ಕಾಗದ ನೆನಪಾಯಿತು. ಪೆನ್ಸಿಲಿನ ಆ ಸಣ್ಣ ಗುರುತು.

ಒಳಗೆ ಏನೋ ಕದಲಿತು. ಸೂಜಿಯ ಮದ್ದು ಇಳಿಯುವಾಗ ಮೊದಲು ತುಟಿಯ ಒಂದು ಮೂಲೆಯಲ್ಲಿ ಚುಮುಚುಮು ಅನ್ನುತ್ತದಲ್ಲ, ಹಾಗೆ. ಬೇಡ ಅಂದುಕೊಂಡೆ. ಇನ್ನೂ ಸ್ವಲ್ಪ ಹೊತ್ತು ಬೇಡ.

ಕೈಗವಸು ಯಾವಾಗ ತೆಗೆದೆನೋ ಗೊತ್ತಿಲ್ಲ. ಹೆಬ್ಬೆರಳು ಚುಕ್ಕೆಯ ಮೇಲಿತ್ತು. ಮಸಿಯ ಮೇಲೆ ಕೂತ ಬಣ್ಣ, ನಟ್ಟಿಗೆ ಅಂಟಿಯೇ ಇರಲಿಲ್ಲ. ಉಗುರಿನಿಂದ ಒಂದು ಸಲ ಕೆರೆದರೆ ಸಾಕು. ಮಸಿಯ ಕಥೆ ಹಾಗೇ ಉಳಿಯುತ್ತದೆ, ವೀಡಿಯೋ ಉಳಿಯುತ್ತದೆ, ನನ್ನ ಶೀಟು ಉಳಿಯುತ್ತದೆ. ಹೆಲ್ಮೆಟ್ ಹಾಕಿದ ಮನುಷ್ಯ ಯಾರು ಅನ್ನುವುದು ಮಾತ್ರ ಹೋಗುತ್ತದೆ. ಅದಕ್ಕೆ ಸಾಹುಕಾರರು ಇದ್ದಾರೆ.

ತಗಡಿಗೆ ಒರಗಿಸಿಟ್ಟ ಫೋನು ಗುಂಯ್ ಅಂದು ಜಾರಿತು. ತೆರೆಯ ಮೇಲೆ ‘ಅಣ್ಣ’.

ಬಲಗೈ ಚುಕ್ಕೆಯ ಮೇಲೆ. ಎಡಗೈ ಪೂರ್ತಿ ಮಸಿ. ಗೆಣ್ಣಿನಿಂದ ತೆರೆಯನ್ನು ಒತ್ತಿದೆ. ಎಲ್ಲಿ ತಾಗಿತೋ, ಸ್ಪೀಕರ್ ಹತ್ತಿಕೊಂಡು ಅವನ ದನಿ ಶೆಡ್ಡಿನ ತುಂಬ ಕೇಳಿಸಿತು.

“ಪುಟ್ಟಿ? ಟೀ ಕುಡಿದ್ಯಾ? ಸೈನ್ ಹಾಕಿದ್ಯಾ?”

“ಇನ್ನೂ ಇಲ್ಲ ಅಣ್ಣಾ.”

“ಯಾಕೆ? ಎಲ್ಲಿದೀಯಾ?”

“ಮೇಷ್ಟ್ರ ಶೆಡ್ಡಲ್ಲಿ.”

ಆ ಕಡೆ ವರ್ಕ್‌ಶಾಪಿನ ಸುತ್ತಿಗೆ ಸದ್ದು. ಯಾರೋ ಯಾರನ್ನೋ ಬೈಯುವ ಸದ್ದು. ಅಣ್ಣನ ಉಸಿರಿನ ಸದ್ದು ಮಾತ್ರ ಇಲ್ಲ.

“ಅಣ್ಣಾ?”

“ಸೀಟು ಎತ್ಬೇಡ ಪುಟ್ಟಿ,” ಅಂದ. ಅವನು ಬೇಡಿಕೊಳ್ಳುವ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ನಿನ್ನ ಕಾಲಿಗೆ ಬೀಳ್ತೀನಿ. ಸೀಟು ಎತ್ಬೇಡ.”

ಬಾಗಿಲಿಂದ ಬರುತ್ತಿದ್ದ ಬಿಸಿಲು ನಿಂತುಹೋಯಿತು. ತಿರುಗಿ ನೋಡಿದೆ.

ಇನ್‌ಸ್ಪೆಕ್ಟರ್ ಮೇಡಂ ಹೊಸ್ತಿಲ ಮೇಲೆ ನಿಂತಿದ್ದರು. ಯಾವಾಗ ಬಂದಿದ್ದರೋ. ಎತ್ತಿದ ಸೀಟನ್ನು ನೋಡಿದರು, ಗವಸಿಲ್ಲದ ನನ್ನ ಹೆಬ್ಬೆರಳನ್ನು ನೋಡಿದರು, ಇನ್ನೂ ಬೆಳಗುತ್ತಿದ್ದ ಫೋನನ್ನು ನೋಡಿದರು.

“ಬೆರಳು ಎತ್ತಮ್ಮಾ,” ಅಂದರು ಮೆಲ್ಲಗೆ. “ಅದರ ಕೆಳಗೆ ಏನಿದೆ?”